ಅಗಲ ರಸ್ತೆ ದಾಟುವವರ ಪರವಾಗಿ

ಬಾಗಲಕೋಟೆಯ ನವನಗರವನ್ನು ಮಾದರಿಯಾಗಿಟ್ಟುಕೊಂಡು ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಊರುಗಳನ್ನು ಬೆಳೆಸಬಾರದು ಎಂದು ನಾನು ಬರೆದದ್ದಕ್ಕೆ ಬಂದ ಉತ್ತರಗಳಲ್ಲಿ ಬೈಗುಳ ಕಡಿಮೆ, ವಾದ ಹೆಚ್ಚು. ಅದಕ್ಕೇ ಈ ಪ್ರತ್ಯುತ್ತರ. ಬರೆದವರಲ್ಲಿ ನೀರಾವರಿ ಇಲಾಖೆಯಲ್ಲಿ ಆಯುಷ್ಯ ಸವೆಸಿದ ಎಂಜಿನಿಯರ ಸಾಹೇಬರಿದ್ದಾರೆ, ಹೆದ್ದಾರಿ ಮಗ್ಗುಲಲ್ಲಿ ಎನ್‌ಎ ಪ್ಲಾಟು ಮಾಡಿ ಮಾರುವವರಿದ್ದಾರೆ, ಬೆಂಗಳೂರಿನಲ್ಲಿ ನೌಕರಿಗಿದ್ದು ಹಬ್ಬಕ್ಕೆ ಊರಿಗೆ ಬರುವ ಹುಡುಗರಿದ್ದಾರೆ. ಹಿರಿಯರೊಬ್ಬರಂತೂ “ಯಮಕನಮರಡಿಯಂವಾ ನೀ, ಬಾಗಲಕೋಟಿ ಉಸಾಬರಿ ನಿನಗ್ಯಾಕೋ ತಮ್ಮಾ?” ಎಂದೇ ಶುರು ಮಾಡಿದರು.

ಮೊದಲು ಈ ಉಸಾಬರಿಯ ಮಾತು. ಹಿಡಕಲ್‌ನಲ್ಲಿ ಗೇಟು ಎತ್ತಿದರೆ ಹೊರಡುವ ಘಟಪ್ರಭೆಯ ನೀರು ಗೋಕಾಕ ಫಾಲ್ಸಿನಲ್ಲಿ ಧುಮುಕಿ, ಮೂಡಲಗಿ ಸೀಮೆಯ ಹೊಲಗಳ ಪಕ್ಕ ಹರಿದು, ಬಾಗಲಕೋಟೆಯ ಹತ್ತಿರ ಆಲಮಟ್ಟಿಯ ಹಿನ್ನೀರಿಗೆ ಸೇರುತ್ತದೆ. ನದಿಯ ಮೇಲ್ಭಾಗದಲ್ಲಿ 1977ರಲ್ಲಿ ಮುಗಿದ ನಮ್ಮ ರಾಜಾ ಲಖಮಗೌಡ ಜಲಾಶಯ; ಕೆಳಗೆ, 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ. ಎರಡೂ ಕಡೆ ಊರುಗಳು ನೀರಿಗೆ ಹೋದವು. ಬೇಸಿಗೆಯಲ್ಲಿ ಹಿಡಕಲ್ ನೀರು ತಗ್ಗಿ ಹುನ್ನೂರಿನ ವಿಠ್ಠಲನ ಗುಡಿ ಮೇಲೆದ್ದಾಗ ಬುತ್ತಿ ಕಟ್ಟಿಕೊಂಡು ನೋಡಲು ಹೋಗುವ ನಾವು, ಮುಳುಗಿದ ಊರಿನ ಜನ ಆಮೇಲೆ ಎಲ್ಲಿ ಹೋದರು, ಎಂಥ ಮನೆಯಲ್ಲಿ ಕೂತರು, ಸಂತೆಗೆ ಹೇಗೆ ಬಂದರು ಎಂದು ಕೇಳುವುದು ಉಸಾಬರಿಯಲ್ಲ. ಅದೂ ಅಲ್ಲದೆ ಇಂದು ನಮ್ಮ ತಾಲೂಕುಗಳಲ್ಲಿ ಹೊಸ ಬಡಾವಣೆಯ ಮಾತು ಎದ್ದಾಗಲೆಲ್ಲ ಬೆರಳು ತೋರಿಸುವುದು ಅತ್ತಲೇ: “ನವನಗರ ನೋಡ್ರಿ, ಹಂಗ ಆಗಬೇಕು.” ತೋರಿಸಿದ್ದನ್ನು ನೋಡಬೇಡ ಎಂದರೆ ಹೇಗೆ?

ನವನಗರದ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ದೊಡ್ಡ ಭಾಗ ಹೋಗುತ್ತದೆಂದು ಗೊತ್ತಾದಾಗ, 1983ರಲ್ಲಿ ಕಾಯ್ದೆ ಮಾಡಿ ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರವನ್ನು ಕಟ್ಟಿದರು. ಊರಿನಿಂದ ನಾಲ್ಕೈದು ಕಿಲೋಮೀಟರ್ ಆಚೆಯ ಎತ್ತರದ ಬಯಲಲ್ಲಿ ಹೊಸ ಊರು ಎದ್ದಿತು. ಸೆಕ್ಟರುಗಳಿಗೆ ನಂಬರು, ನೇರ ರಸ್ತೆ, ಸಾಲು ನಿವೇಶನ, ಕಚೇರಿಗಳಿಗೆ ಬೇರೆ ಜಾಗ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಜಿಲ್ಲಾಡಳಿತ ಭವನವೂ ಅಲ್ಲೇ ಬಂತು. ಹಳೆ ಊರು ಪೂರ್ತಿ ಖಾಲಿಯಾಗಲಿಲ್ಲ. ನೀರು ಮುಟ್ಟದ ಭಾಗದಲ್ಲಿ ಪೇಟೆ ಹಾಗೇ ನಡೆಯಿತು. ನಡುವೆ ಕಾಲೇಜುಗಳ ವಿದ್ಯಾಗಿರಿ. ಹೀಗೆ ಒಂದೇ ಊರು ಮೂರು ತುಂಡಾಗಿ ಕೂತಿದೆ.

ಈಗ ವಾದಗಳು.

“ಹಳೆ ಬಾಗಲಕೋಟಿಯೊಳಗ ಎರಡು ಟಾಂಗಾ ಎದುರುಬದರು ಬಂದ್ರ ಒಂದು ಹಿಂದ ಸರೀಬೇಕಾಗತಿತ್ತು. ಗಟಾರ ಬಾಗಿಲ ಮುಂದ ಹರೀತಿತ್ತು. ಈಗ ರಸ್ತೆ ಕನ್ನಡಿ ಹಂಗ ಅದಾವ” ಎಂದು ಎಂಜಿನಿಯರ ಸಾಹೇಬರು ಬರೆದಿದ್ದಾರೆ. ಗಟಾರದ ಮಾತು ಪೂರ್ತಿ ಒಪ್ಪುತ್ತೇನೆ. ಒಳಚರಂಡಿ, ನಲ್ಲಿ ನೀರು, ಬೀದಿದೀಪ ಇವು ಸಣ್ಣ ಮಾತಲ್ಲ. ಓಣಿಯ ನಾಸ್ಟಾಲ್ಜಿಯಾದಲ್ಲಿ ತೇಲುವವರು ಒಂದು ಮಳೆಗಾಲ ಆ ಗಟಾರದ ಮಗ್ಗುಲಲ್ಲಿ ಅಡಿಗೆ ಮಾಡಿ ನೋಡಲಿ. ಆದರೆ ಚರಂಡಿಯನ್ನೂ ರಸ್ತೆಯ ಅಗಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುವುದೇಕೆ? ಚರಂಡಿ ಒಳ್ಳೆಯದಾಗಲು ರಸ್ತೆ ನೂರು ಅಡಿ ಇರಬೇಕಾಗಿಲ್ಲ. ಓಡಿಸುವವನಿಗೆ ಅಗಲ ರಸ್ತೆ ಸುಖ. ದಾಟುವವನಿಗೆ ಅದೇ ಕಷ್ಟ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನ ನಾಡು ನಮ್ಮದು. ಎದುರುಬದುರು ಮನೆಗಳ ನೆರಳು ಒಂದರ ಮೇಲೊಂದು ಬಿದ್ದು ಓಣಿ ತಂಪಾಗಿರುತ್ತಿತ್ತು. ಅಗಲ ರಸ್ತೆಯಲ್ಲಿ ಮಧ್ಯಾಹ್ನ ಮನೆಯ ನೆರಳು ಕಾಂಪೌಂಡು ದಾಟುವುದಿಲ್ಲ. ಮರ ನೆಟ್ಟರೆ ಆಯಿತಲ್ಲ ಎನ್ನುತ್ತೀರಿ. ನೆಡಿ. ಆ ಮರ ದೊಡ್ಡದಾಗುವ ಹೊತ್ತಿಗೆ ರಸ್ತೆ ಅಗಲಿಸುವ ಇನ್ನೊಂದು ಟೆಂಡರು ಬರದಿದ್ದರೆ ಸಾಕು.

ಎರಡನೆಯ ವಾದ ನಿಜಕ್ಕೂ ಬಲವಾದದ್ದು, ಇದನ್ನು ಹೇಳಿದವರೂ ಹೆಚ್ಚು: “ದೂರ ಅನ್ನೂದು ಹಳೇ ಮಾತು. ಈಗ ಮನಿಗೊಂದು ಗಾಡಿ ಐತಿ.”

ಮನೆಗೊಂದು ಗಾಡಿ ಇದೆ, ನಿಜ. ಮನೆಯಲ್ಲಿ ಐದು ಜನ ಇದ್ದಾರೆ, ಅದೂ ನಿಜ. ಬೆಳಿಗ್ಗೆ ಒಂಬತ್ತಕ್ಕೆ ಆ ಗಾಡಿ ಯಾರ ಜೊತೆ ಹೋಗುತ್ತದೆ? ನೌಕರಿಗೆ ಹೋಗುವ ಗಂಡಸಿನ ಜೊತೆ. ಉಳಿದವರು ಯಾರೆಂದು ಲೆಕ್ಕ ಹಾಕಿ: ಕಾಲೇಜಿಗೆ ಹೋಗುವ ಮಗಳು, ಬಿಪಿ ಮಾತ್ರೆ ತರಬೇಕಾದ ಅತ್ತೆ, ಕಾಯಿಪಲ್ಯಕ್ಕೆ ಪೇಟೆಗೆ ಹೋಗಬೇಕಾದ ಸೊಸೆ, ಸಾಲಿಗೆ ಹೋಗುವ ಹುಡುಗ. ಆ ಮನೆಗೆ ಭಾಂಡೆ ತೊಳೆಯಲು ಬರುವವಳ ಮನೆಯಲ್ಲಿ ಗಾಡಿಯೇ ಇಲ್ಲ. ಹಳೆ ಊರಿನಲ್ಲಿ ಇವರೆಲ್ಲರಿಗೂ ಬೇಕಾದದ್ದು ಕಾಲಳತೆಯಲ್ಲಿತ್ತು. ಸೆಕ್ಟರಿಗೆ ಬಂದ ಮೇಲೆ ಒಂದೊಂದಕ್ಕೂ ಟಂಟಂ ಬೇಕು, ಟಂಟಂ ಎಂದರೆ ಹೋಗುವಾಗೊಮ್ಮೆ ಬರುವಾಗೊಮ್ಮೆ ರೊಕ್ಕ. ಐದು ರೂಪಾಯಿ ಕೊತ್ತಂಬರಿ ತರಲು ನಲವತ್ತು ರೂಪಾಯಿ ಹೋಗಿಬರುವ ಖರ್ಚು ಬರುವ ಊರಿನಲ್ಲಿ ಮುದುಕರು ಕೊತ್ತಂಬರಿ ಬಿಟ್ಟು ಅಡಿಗೆ ಮಾಡುತ್ತಾರೆ, ಅಷ್ಟೇ. ಯಾವ ಸಮೀಕ್ಷೆಗೂ ಇದು ಸಿಗುವುದಿಲ್ಲ, ಏಕೆಂದರೆ ಸಂಚಾರದ ಸಮೀಕ್ಷೆ ಎಣಿಸುವುದು ಮಾಡಿದ ಪ್ರಯಾಣವನ್ನು, ಬಿಟ್ಟುಕೊಟ್ಟ ಪ್ರಯಾಣವನ್ನಲ್ಲ.

“ಹಂಗಾರ ಬಸ್ ಬಿಡ್ಲಿ” ಎಂದು ಅದೇ ಪತ್ರದಲ್ಲಿ ಮುಂದಿನ ಸಾಲು. ಬಿಡುತ್ತಾರೆ, ಬಿಟ್ಟಿದ್ದಾರೆ. ಆದರೆ ಬಸ್ಸಿನ ಲೆಕ್ಕವನ್ನು ಡಿಪೋದಲ್ಲಿ ಕೂತು ನೋಡಬೇಕು. ಒತ್ತಾಗಿ ಕಟ್ಟಿದ ಊರಿನಲ್ಲಿ ಒಂದು ನಿಲ್ದಾಣದ ಸುತ್ತ ಐದು ನಿಮಿಷದ ನಡಿಗೆಯೊಳಗೆ ಸಾವಿರಾರು ಜನ ಇರುತ್ತಾರೆ. ಬಸ್ಸು ಒಂದೇ ರಸ್ತೆ ಹಿಡಿದು ಹೋದರೂ ತುಂಬುತ್ತದೆ. ಅದೇ ಜನರನ್ನು ಕಾಂಪೌಂಡು, ಖಾಲಿ ಸೈಟು, ಅಗಲ ರಸ್ತೆ, ‘ಭವಿಷ್ಯದ ಬಳಕೆಗೆ’ ಎಂದು ಕಾದಿರಿಸಿದ ಬಯಲುಗಳ ನಡುವೆ ಹರಡಿದರೆ ಬಸ್ಸು ಸೆಕ್ಟರಿನಿಂದ ಸೆಕ್ಟರಿಗೆ ಸುತ್ತಬೇಕು. ಸುತ್ತಿದರೆ ಹೊತ್ತಾಗುತ್ತದೆ, ಹೊತ್ತಾದರೆ ಹತ್ತುವವರು ಕಡಿಮೆ, ಕಡಿಮೆಯಾದರೆ ಡಿಪೋದವರು ಟ್ರಿಪ್ಪು ಕಡಿತ ಮಾಡುತ್ತಾರೆ, ಟ್ರಿಪ್ಪು ಹೋದ ಮೇಲೆ ಸಾಲ ಮಾಡಿಯಾದರೂ ಇನ್ನೊಂದು ಗಾಡಿ ಮನೆಗೆ ಬರುತ್ತದೆ. ಆಮೇಲೆ “ಬಸ್ಸಿಗೆ ಜನಾನ ಇಲ್ರಿ” ಎನ್ನುತ್ತೇವೆ. ವಾಯವ್ಯ ಸಾರಿಗೆಯ ಕಂಡಕ್ಟರನನ್ನು ಬೈದು ಇದು ಸರಿಹೋಗುವುದಿಲ್ಲ. ನಷ್ಟವನ್ನು ನಕ್ಷೆಯಲ್ಲೇ ಬರೆದಾಗಿದೆ.

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟು ಇಲ್ಲ. ಶಕ್ತಿ ಯೋಜನೆ ನಮ್ಮ ಭಾಗದ ಹೆಂಗಸರ ಸಂಚಾರವನ್ನು ಎಷ್ಟು ಬದಲಿಸಿತೆಂದು ಯಮಕನಮರಡಿ ಸ್ಟ್ಯಾಂಡಿನಲ್ಲಿ ಅರ್ಧ ತಾಸು ನಿಂತರೆ ಕಾಣುತ್ತದೆ. ಆದರೆ ಟಿಕೆಟು ಸೊನ್ನೆಯಾದರೂ ನಿಲ್ದಾಣದವರೆಗಿನ ಕಿಲೋಮೀಟರು ಸೊನ್ನೆಯಾಗುವುದಿಲ್ಲ. ಬಸ್ಸು ಪುಕ್ಕಟೆ, ಬಸ್ಸಿನವರೆಗೆ ಹೋಗುವ ಟಂಟಂ ಪುಕ್ಕಟೆ ಅಲ್ಲ. ಸರಕಾರ ಒಂದು ಕೈಯಲ್ಲಿ ಕೊಟ್ಟದ್ದನ್ನು ಊರಿನ ನಕ್ಷೆ ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುತ್ತದೆ.

ಹೆದ್ದಾರಿಯ ಕಥೆಯೂ ಇದೇ. ಪುಣೆ–ಬೆಂಗಳೂರು ರಸ್ತೆ ನಮ್ಮ ಮಗ್ಗುಲಲ್ಲೇ ಇದೆ ಎಂಬ ಹೆಮ್ಮೆ ನಮಗೆಲ್ಲ ಇದೆ. ಎರಡು ಲೇನು ನಾಲ್ಕಾಯಿತು, ಈಗ ಆರರ ಕೆಲಸ. ಫ್ಲೈಓವರು ಬಂದ ಊರುಗಳಲ್ಲಿ ದೂರದ ಬಸ್ಸುಗಳು ಮೇಲಿನಿಂದಲೇ ಸಾಗುತ್ತವೆ. ಕೈಯಲ್ಲಿ ಚೀಲ ಹಿಡಿದವರು ಕೆಳಗೆ ಸರ್ವಿಸ್ ರಸ್ತೆಯಲ್ಲಿ ನಿಂತಿರುತ್ತಾರೆ. ರಸ್ತೆಯ ಆಚೆ ಹೊಲ, ಈಚೆ ಮನೆ ಇದ್ದವನು ಎತ್ತು ಹೊಡೆದುಕೊಂಡು ಅಂಡರ್‌ಪಾಸು ಹುಡುಕಬೇಕು. ಮುಂಬಯಿಯಿಂದ ಬೆಂಗಳೂರಿಗೆ ಹೋಗುವವನಿಗೆ ಹತ್ತು ನಿಮಿಷ ಉಳಿಸಲು ಇಲ್ಲಿಯವನು ದಿನಾ ಹತ್ತು ನಿಮಿಷ ಕೊಡುತ್ತಾನೆ. ಇದು ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆದರೆ ಕೊಡುವವನ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

“ಚಂಡೀಗಢ ನೋಡು” ಎಂದು ಬೆಂಗಳೂರಿನ ಹುಡುಗನೊಬ್ಬ ಬರೆದಿದ್ದಾನೆ. ನೋಡೋಣ. ಲಾಹೋರು ಪಾಕಿಸ್ತಾನಕ್ಕೆ ಹೋದ ಮೇಲೆ ಪಂಜಾಬಿಗೆ ರಾಜಧಾನಿ ಬೇಕಾಗಿತ್ತು. 1951ರಲ್ಲಿ ಲ ಕಾರ್ಬೂಸಿಯೇ ಬಂದು ನಕ್ಷೆಯನ್ನು ಗಟ್ಟಿ ಮಾಡಿದ. ಒಂದೊಂದು ಸೆಕ್ಟರು 800 ಮೀಟರ್ ಅಗಲ, 1,200 ಮೀಟರ್ ಉದ್ದ. ಸುತ್ತು ಹಾಕಿದರೆ ನಾಲ್ಕು ಕಿಲೋಮೀಟರ್. ದೊಡ್ಡ ರಸ್ತೆಗಳತ್ತ ಸೆಕ್ಟರುಗಳು ಬೆನ್ನು ಮಾಡಿಕೊಂಡಿವೆ. ಅಲ್ಲಿ ಅಂಗಡಿ ಇಲ್ಲ, ಮನೆಯ ಬಾಗಿಲಿಲ್ಲ, ರಾತ್ರಿ ಒಬ್ಬಳೇ ನಡೆದು ಹೋಗುವವಳನ್ನು ನೋಡಲು ಕಿಟಕಿಯೂ ಇಲ್ಲ. ಹಸಿರು ಇದೆ, ಅಂದ ಇದೆ, ನಾನೂ ಮೆಚ್ಚುತ್ತೇನೆ. ಕೊನೆಗೆ ಐದು ಲಕ್ಷ ಜನ ಇರಲಿ ಎಂದು ಎಣಿಸಿ ಕಟ್ಟಿದ ಊರಿನಲ್ಲಿ 2011ರ ಜನಗಣತಿಯ ಹೊತ್ತಿಗೆ ಹತ್ತು ಲಕ್ಷ ದಾಟಿದ್ದರು. ಹೆಚ್ಚಾದವರು ಎಲ್ಲಿ ಹೋಗಬೇಕು? 1952ರಲ್ಲೇ ಕಾಯ್ದೆ ಮಾಡಿ ನಗರದ ಸುತ್ತ ಕಟ್ಟುವುದನ್ನು ತಡೆದರು. ಜನ ಮೊಹಾಲಿಗೆ, ಪಂಚಕುಲಕ್ಕೆ, ನಕ್ಷೆಯೊಳಗೇ ಸಿಕ್ಕಿಬಿದ್ದ ಬುರೈಲ್‌ನಂಥ ಹಳೆ ಹಳ್ಳಿಗಳಿಗೆ ತುಂಬಿಕೊಂಡರು. ಈಗ ಚಂಡೀಗಢ ಎಂದರೆ ತಲೆಗೊಂದು ಗಾಡಿಯ ಊರು ಎಂದೇ ಹೆಸರು. ಇದು ಹೆಮ್ಮೆಯ ಮಾತೆಂದು ಅವನು ತಿಳಿದಿದ್ದಾನೆ, ನಾನು ರೋಗದ ಲಕ್ಷಣ ಎಂದು ತಿಳಿದಿದ್ದೇನೆ. ಇಲ್ಲಿ ನಮ್ಮಿಬ್ಬರ ನಡುವೆ ರಾಜಿ ಕಷ್ಟ.

ಇನ್ನು “ಮನಿ ಬ್ಯಾರೆ, ಅಂಗಡಿ ಬ್ಯಾರೆ, ಕಾರಖಾನಿ ಬ್ಯಾರೆ ಇದ್ರ ಊರು ಸ್ವಚ್ಛ” ಎಂಬ ಮಾತು. ಇದು ಸಾಹೇಬರ ಸ್ವಂತದ್ದಲ್ಲ. 1933ರಲ್ಲಿ ಯುರೋಪಿನ ಆಧುನಿಕ ವಾಸ್ತುಶಿಲ್ಪಿಗಳು ಹಡಗೊಂದರಲ್ಲಿ ಸಭೆ ಸೇರಿ, ಊರಿನ ಕೆಲಸ ನಾಲ್ಕೇ ಎಂದು ಗೆರೆ ಎಳೆದರು: ವಾಸ, ದುಡಿಮೆ, ವಿಶ್ರಾಂತಿ, ಸಂಚಾರ. ಒಂದೊಂದಕ್ಕೂ ಬೇರೆ ಜಾಗ. ಅಥೆನ್ಸ್ ಸನ್ನದು ಎಂದು ಅದಕ್ಕೆ ಹೆಸರು. ಆಗ ಯುರೋಪಿನ ಊರುಗಳಲ್ಲಿ ಕಲ್ಲಿದ್ದಲ ಹೊಗೆ ಉಗುಳುವ ಕಾರಖಾನೆಯ ಕೆಳಗೇ ಕೂಲಿಗಳ ಮನೆಗಳಿದ್ದವು. ಬೇರೆ ಮಾಡಬೇಕೆಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ಗೆರೆಯನ್ನು ಗೋಕಾಕಕ್ಕೆ ತಂದರೆ? ಗೋಕಾಕದ ಕಟ್ಟಿಗೆಯ ಗೊಂಬೆ, ಬಣ್ಣದ ಹಣ್ಣುಗಳನ್ನು ಮಾಡುವವರು ಪಡಸಾಲೆಯಲ್ಲಿ ಕೂತೇ ಕೆತ್ತುತ್ತಾರೆ; ಮನೆಯವರೆಲ್ಲ ಕೈ ಹಾಕಿದರೆ ಒಂದು ಗೊಂಬೆ. ಕರದಂಟಿನ ಬೆಲ್ಲ, ಅಂಟು ಕಾಯುವುದು ಎಷ್ಟೋ ಮನೆಗಳ ಹಿಂಭಾಗದಲ್ಲಿ. ಗುಳೇದಗುಡ್ಡದಲ್ಲಿ ಖಣ ನೇಯುವ ಮಗ್ಗ ಮನೆಯೊಳಗೇ ಇದೆ. ಸೊಸೆ ಒಲೆಯ ಮೇಲೆ ಅನ್ನ ಇಟ್ಟು ಬಂದು ಕಂಡಿಕೆ ಸುತ್ತುತ್ತಾಳೆ. ಈ ಮನೆಗಳಿಗೆ ‘ವಸತಿ ವಲಯ’ ಎಂದು ಬಣ್ಣ ಬಳಿದರೆ ಮಗ್ಗ ಅಕ್ರಮವಾಗುತ್ತದೆ. ‘ಕೈಗಾರಿಕಾ ವಲಯ’ ಎಂದು ಬಳಿದರೆ ಮನೆ ಅಕ್ರಮ. ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ, ಮನೆಮುಂದಿನ ಕಿರಾಣಿ ಅಂಗಡಿ ಇವೆಲ್ಲ ಒಂದಲ್ಲ ಒಂದು ನೋಟೀಸಿನ ಹೆದರಿಕೆಯಲ್ಲಿ ಬದುಕಬೇಕು. ಹೊಗೆ ಬಿಡುವ ಕಾರಖಾನೆ ದೂರ ಇರಲಿ, ಬೇಡ ಎಂದವರು ಯಾರು? ಚಮ್ಮಾರನ ಹತ್ಯಾರಕ್ಕೂ ಸಿಮೆಂಟಿನ ಫ್ಯಾಕ್ಟರಿಗೂ ವ್ಯತ್ಯಾಸ ಕಾಣದ ನಿಯಮದ ಮೇಲೆ ನನ್ನ ತಕರಾರು.

ಜಾತಿಯ ಮಾತು ಎತ್ತಿದ ಪತ್ರ ಒಂದೇ. ಆದರೆ ಎಲ್ಲಕ್ಕಿಂತ ತೂಕದ್ದು ಅದೇ. “ನೀವು ಹೊಗಳುವ ಓಣಿ ಯಾರ ಓಣಿ? ಗೌಡರ ಓಣಿಗೆ ನಮ್ಮಜ್ಜ ಚಪ್ಪಲಿ ಕೈಯಾಗ ಹಿಡಕೊಂಡು ಹೋಗತಿದ್ದ. ಸೆಕ್ಟರ್ ನಂಬರಿಗೆ ಜಾತಿ ಇಲ್ಲ” ಎಂದು ಬರೆದಿದ್ದಾರೆ. ಹಳ್ಳಿಯನ್ನು ಆದರ್ಶ ಮಾಡಿಕೊಂಡವರಿಗೆ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕೊಟ್ಟ ಏಟು ಇನ್ನೂ ಹಸಿಯಾಗಿಯೇ ಇದೆ, ಇರಬೇಕು. ಊರ ಹೊರಗಿನ ಕೇರಿಯಿಂದ ಬಂದು ನಂಬರಿನ ಸೈಟು ಪಡೆದು, ಮಗ್ಗುಲಲ್ಲಿ ಯಾರಿದ್ದಾರೆಂದು ಕೇಳದೆ ಮನೆ ಕಟ್ಟಿದವರಿಗೆ ಸಿಕ್ಕ ಬಿಡುಗಡೆಯನ್ನು ನನ್ನ ಬಸ್ಸಿನ ಲೆಕ್ಕದಿಂದ ಅಳೆಯಲಾಗದು.

ಆದರೂ ಎರಡು ಮಾತು ಸೇರಿಸುತ್ತೇನೆ. ಯೋಜನೆ ಎಂದ ಮಾತ್ರಕ್ಕೆ ಜಾತಿ ಅಳಿಯುತ್ತದೆ ಎಂಬುದಕ್ಕೆ ನಮ್ಮ ನಾಡಿನ ಇತಿಹಾಸ ಸಾಕ್ಷಿ ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಪ್ಲೇಗಿನ ಕಾಲದಲ್ಲಿ, ಬೆಂಗಳೂರಿನಲ್ಲಿ ಎದ್ದ ಮಲ್ಲೇಶ್ವರ, ಬಸವನಗುಡಿಗಳು ಕೂಡ ನಕ್ಷೆ ಬರೆದು ಕಟ್ಟಿದವೇ. ಆ ನಕ್ಷೆಯೊಳಗೇ ಜಾತಿವಾರು ಸಾಲುಗಳಿದ್ದವು. ಎರಡನೆಯದು, ಸೆಕ್ಟರಿಗೆ ಜಾತಿ ಇಲ್ಲದಿರಬಹುದು, ಅಳತೆ ಇದೆ. ದೊಡ್ಡ ಸೈಟು ಒಂದು ಕಡೆ, ಸಣ್ಣ ಸೈಟು ಇನ್ನೊಂದು ಕಡೆ. ಚಂಡೀಗಢದಲ್ಲಿ ಉತ್ತರದ ಸಣ್ಣ ನಂಬರಿನ ಸೆಕ್ಟರುಗಳಲ್ಲಿ ದೊಡ್ಡ ಬಂಗಲೆ, ದಕ್ಷಿಣಕ್ಕೆ ಹೋದಷ್ಟೂ ಇಕ್ಕಟ್ಟು. ಬ್ರೆಜಿಲ್ ದೇಶ ಬಯಲಲ್ಲಿ ಕಟ್ಟಿದ ರಾಜಧಾನಿ ಬ್ರಸೀಲಿಯ ಇನ್ನೂ ವಿಪರೀತ. ಊರು ಉದ್ಘಾಟನೆಯಾದದ್ದು 1960ರ ಏಪ್ರಿಲ್‌ನಲ್ಲಿ. ಅದನ್ನು ಕಟ್ಟಿದ ಕೂಲಿಗಳನ್ನು ಹೊರಗಿಡಲು ತಾಗುವಾಟಿಂಗಾ ಎಂಬ ಉಪನಗರವನ್ನು 1958ರಲ್ಲೇ ಮಾಡಿದ್ದರು. ಒಳಗಿನ ಊರು ಮುಗಿಯುವ ಎರಡು ವರ್ಷ ಮೊದಲೇ ಹೊರಗಿನ ಕೇರಿ ತಯಾರು. ಸಮಾನತೆಯ ಕನಸು ಕಂಡ ಎಡಪಂಥೀಯ ವಾಸ್ತುಶಿಲ್ಪಿ ಆಸ್ಕರ್ ನೀಮೆಯರ್ ಕಟ್ಟಡಗಳನ್ನು ಬಿಡಿಸಿದ ಊರಿನ ಕಥೆ ಇದು. ಓಣಿಯಲ್ಲಿ ಜಾತಿ ನೋಡಿ ದೂರ ಇಟ್ಟರು, ಅಲ್ಲಿ ಕಿಸೆ ನೋಡಿ ಇಟ್ಟರು. ಪತ್ರ ಬರೆದವರು ಎರಡನೆಯದು ಮೊದಲನೆಯದಕ್ಕಿಂತ ವಾಸಿ ಎಂದರೆ ನಾನು ಜಗಳ ತೆಗೆಯುವುದಿಲ್ಲ. ಎರಡೂ ಬೇಡ ಎಂದು ಕೇಳುವ ಹಕ್ಕು ಅವರಿಗೂ ಇದೆ, ನನಗೂ ಇದೆ.

ಓಣಿಯ ಕಟ್ಟು ಜಾತಿಯೊಂದನ್ನೇ ಹೊತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. ಬಾಗಲಕೋಟೆಯ ಹೋಳಿ ನಮ್ಮ ಕಡೆ ಹೆಸರುವಾಸಿ. ಬಂಡಿಗಳ ಮೇಲೆ ಬ್ಯಾರಲ್ಲುಗಟ್ಟಲೆ ಬಣ್ಣ, ಹಲಗೆಯ ಮೇಳ. ಅದು ನಡೆಯುವುದು ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಪೇಟೆಗಳ ಸರದಿಯಲ್ಲಿ. ನವನಗರದಲ್ಲೂ ಬಣ್ಣ ಆಡುತ್ತಾರೆ, ಆಡಲಿ. ಆದರೆ ಒಂದು ಪೇಟೆಯ ಮಾನ ಕಾಯಲು ಹುಡುಗರು ತಿಂಗಳು ಮೊದಲೇ ಹಲಗೆ ಬಾರಿಸುತ್ತ ಕೂಡುತ್ತಾರಲ್ಲ, ಆ ಹುರುಪು ಸೆಕ್ಟರ್ ನಂಬರಿಗೆ ಹುಟ್ಟಲು ಇನ್ನೆಷ್ಟು ತಲೆಮಾರು ಬೇಕೋ. ಭೂಸ್ವಾಧೀನದ ಪರಿಹಾರದಲ್ಲಿ ಗೋಡೆಗೆ ಬೆಲೆ ಕಟ್ಟಿದರು, ಜಾಗಕ್ಕೆ ಕಟ್ಟಿದರು. ಮೂವತ್ತು ವರ್ಷ ಒಂದೇ ಮೂಲೆಯಲ್ಲಿ ಕೂತು ಗಳಿಸಿದ ಗಿರಾಕಿಗಳಿಗೆ ಬೆಲೆ ಕಟ್ಟುವ ಕಾಲಮ್ಮು ಆ ಫಾರ್ಮಿನಲ್ಲಿ ಇರಲಿಲ್ಲ. ಉದ್ರಿ ಕೊಡುವ ಕಿರಾಣಿ ಅಂಗಡಿಯವನಿಗೂ, ಉದ್ರಿ ತರುವ ಮನೆಯವಳಿಗೂ ಆದ ಹಾನಿ ಎಲ್ಲೂ ದಾಖಲಾಗಲಿಲ್ಲ.

“2019ರ ಆಗಸ್ಟಿನ್ಯಾಗ ಗೋಕಾಕ ಮುಳುಗಿದ್ದು ಮರತೀರೇನ? ಹೊಳಿ ದಂಡಿ ಮ್ಯಾಲೆ ಇರಾಕ ಬಿಡೂದಾ?” ಎಂದು ಇನ್ನೊಬ್ಬರು. ಮರೆತಿಲ್ಲ. ಘಟಪ್ರಭೆ, ಮಾರ್ಕಂಡೇಯ ಎರಡೂ ಒಮ್ಮೆಲೇ ಉಕ್ಕಿ ಪೇಟೆಗೆ ನುಗ್ಗಿದ್ದನ್ನು ಯಾರೂ ಮರೆಯುವುದಿಲ್ಲ. ನೀರು ಬರುವ ಜಾಗದಿಂದ ಜನರನ್ನು ಎಬ್ಬಿಸಲೇಬೇಕು. ಎಬ್ಬಿಸಿ ಎಲ್ಲಿ, ಹೇಗೆ ಕೂಡಿಸುತ್ತೀರಿ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ನಮ್ಮ ಹತ್ತಿರ ಒಂದು ದೊಡ್ಡ ಪಾಠ ಇದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಪೂರದ ನಂತರ ಸರಕಾರ ‘ಆಸರೆ’ ಎಂಬ ಹೆಸರಿನಲ್ಲಿ, ದೊಡ್ಡ ಕಂಪನಿಗಳ ದಾನ ಕೂಡಿಸಿ, ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಊರಿಗೆ ಊರನ್ನೇ ಹೊಸ ಜಾಗದಲ್ಲಿ ಕಟ್ಟಿತು. ನೇರ ಸಾಲು, ಒಂದೇ ಅಳತೆಯ ಮನೆ, ನಡುವೆ ಅಗಲ ರಸ್ತೆ. ಚಿತ್ರದಲ್ಲಿ ಚೆಂದ. ಆದರೆ ರೈತನ ಮನೆ ಎಂದರೆ ಎರಡು ಖೋಲಿಯಲ್ಲ. ಎತ್ತು ಕಟ್ಟಲು ಕೊಟ್ಟಿಗೆ ಬೇಕು, ಬಣವೆ ಒಟ್ಟಲು ಜಾಗ ಬೇಕು, ತಿಪ್ಪೆಗೆ ಬೇಕು, ಜೋಳದ ಚೀಲಕ್ಕೆ ಬೇಕು, ಮದುವೆಯಾದ ಇಬ್ಬರು ಮಕ್ಕಳಿಗೆ ಬೇರೆ ಬೇರೆ ಕೋಣೆ ಬೇಕು. ಹೊಲ ಹಳೆ ಊರಿನ ಹತ್ತಿರವೇ ಉಳಿಯಿತು, ಮನೆ ದೂರ ಹೋಯಿತು. ಎಷ್ಟೋ ಊರುಗಳಲ್ಲಿ ಜನ ಹೊಸ ಮನೆಯ ಬೀಗ ಇಸಿದುಕೊಂಡು ಹಳೆ ಮನೆಯಲ್ಲೇ ಉಳಿದರು. ಹೊಸ ಸಾಲುಗಳಲ್ಲಿ ಜಾಲಿ ಬೆಳೆಯಿತು. ಆಮೇಲೆ ಅಧಿಕಾರಿಗಳು “ಜನಕ್ಕ ಒಳ್ಳೇದು ತಿಳಿಯೂದಿಲ್ರಿ” ಎಂದರು. ಜನಕ್ಕೆ ಚೆನ್ನಾಗಿಯೇ ತಿಳಿದಿತ್ತು. ಐದು ವರ್ಷಕ್ಕೊಮ್ಮೆ ಬರುವ ಹೊಳೆಗಿಂತ ದಿನಾ ಎರಡು ಸಲ ಎತ್ತಿನ ಜೊತೆ ನಡೆಯಬೇಕಾದ ದೂರ ಹೆಚ್ಚು ತ್ರಾಸು ಎಂದು ಅವರು ತೂಗಿ ನೋಡಿದ್ದರು. ಮನೆ ಕಟ್ಟುವ ಮೊದಲು ಆ ತೂಕವನ್ನು ಯಾರೂ ಅವರ ಹತ್ತಿರ ಕೇಳಲಿಲ್ಲ.

“ನವನಗರದ ನಕ್ಷೆಯೊಳಗ ಚಾರ್ಲ್ಸ್ ಕೊರಿಯಾನಂಥಾವ್ರ ಹೆಸರು ಐತಿ, ನೀ ಅವರಕಿಂತ ಶ್ಯಾಣ್ಯಾ ಏನ?” ಎಂಬುದು ವಾದವಲ್ಲ, ಆದರೂ ಉತ್ತರಿಸುತ್ತೇನೆ. ಶಾಣ್ಯಾ ಅಲ್ಲ. ಅದಕ್ಕೇ ಕೊರಿಯಾ ಅವರು ನವಿ ಮುಂಬಯಿಯ ಬೇಲಾಪುರದಲ್ಲಿ 1980ರ ದಶಕದಲ್ಲಿ ಕಟ್ಟಿದ್ದನ್ನೇ ತೋರಿಸುತ್ತೇನೆ. ಎಂಟು ಮೀಟರ್ ಚೌಕದ ಅಂಗಳದ ಸುತ್ತ ಏಳು ಮನೆ. ಅಂಥ ಮೂರು ಗುಂಪು ಕೂಡಿ ಇನ್ನೊಂದು ದೊಡ್ಡ ಅಂಗಳ. ಯಾವ ಮನೆಯ ಗೋಡೆಯೂ ಇನ್ನೊಂದಕ್ಕೆ ಅಂಟಿಲ್ಲ, ಕೈಯಲ್ಲಿ ರೊಕ್ಕ ಬಂದಾಗ ಮೇಲೊಂದು ಕೋಣೆ ಏರಿಸಿಕೊಳ್ಳಬಹುದು. ಅಂದರೆ ದೊಡ್ಡವರಿಗೆ ಓಣಿಯ ಗುಣ ಗೊತ್ತಿತ್ತು. ಅವರ ಹೆಸರನ್ನು ಮುಂದೆ ಹಿಡಿದು ಅಗಲ ರಸ್ತೆ, ಸಾಲು ಸೈಟು ಸಮರ್ಥಿಸುವವರು ಬೇಲಾಪುರವನ್ನು ಒಮ್ಮೆ ನೋಡಿ ಬರಲಿ.

ಕಡೆಯದು ಎಲ್ಲರೂ ಕೇಳಿದ್ದು: “ಟೀಕೆ ಸಸ್ತಾ. ನಿನಗೇನು ಬೇಕು ಹೇಳು.”

ಹೇಳುತ್ತೇನೆ, ಹೊಸದೇನಲ್ಲ. 1887ರಲ್ಲಿ ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿ ಶುರುವಾದಾಗ ಕಂಪನಿಯವರು ಕಟ್ಟಿದ್ದೂ ನಕ್ಷೆಯ ಊರೇ. ಆದರೆ ಸೀಟಿ ಊದಿದಾಗ ಕೂಲಿಗಳು ಮನೆಯಿಂದ ನಡೆದು ಗೇಟಿಗೆ ಬರಬೇಕಾಗಿತ್ತು. ಆದ್ದರಿಂದ ಮನೆ, ಅಂಗಡಿ, ಸಾಲಿ ಎಲ್ಲ ನಡಿಗೆಯ ಅಳತೆಯಲ್ಲಿ ಕೂತವು. ಗಿರಣಿ ಮಾಲಕರ ಧರ್ಮಬುದ್ಧಿ ಇದರಲ್ಲಿ ಎಷ್ಟಿತ್ತೋ ಗೊತ್ತಿಲ್ಲ, ಕೂಲಿ ಹೊತ್ತಿಗೆ ಬರಲಿ ಎಂಬ ಲೆಕ್ಕವಂತೂ ಇತ್ತು. ಬೆಂಗಳೂರಿನ ಜಯನಗರವೂ ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಕ್ಷೆ ಹಾಕಿ ಕಟ್ಟಿದ ಬಡಾವಣೆ. ಅದರ ನಾಲ್ಕನೆಯ ಬ್ಲಾಕಿನಲ್ಲಿ ಮಾರುಕಟ್ಟೆ, ಬಸ್ ಸ್ಟ್ಯಾಂಡು, ಕಚೇರಿ, ಹೂವಿನವರು, ತರಕಾರಿಯವರು ಒಂದೇ ಕಡೆ ಕೂಡಿದ್ದರಿಂದ ಊರಿಗೊಂದು ಹೊಟ್ಟೆ ಸಿಕ್ಕಿತು. ನಕ್ಷೆಯ ಮೇಲೆ ನನಗೆ ದ್ವೇಷವಿಲ್ಲ. ಮಾರುಕಟ್ಟೆಯನ್ನೂ ಬಸ್ಸನ್ನೂ ಕೊನೆಗೆ, ಉಳಿದ ಜಾಗದಲ್ಲಿ ತುರುಕುವ ನಕ್ಷೆಯ ಮೇಲಿದೆ.

ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ಓಡತೊಡಗಿದ ಚಿಗರಿ ಬಸ್ಸನ್ನು ತೋರಿಸಿ “ಆಮ್ಯಾಲೂ ಸರಿ ಮಾಡಬಹುದು” ಎಂದವರಿದ್ದಾರೆ. ಮಾಡಬಹುದು, ರೊಕ್ಕ ಸುರಿದು. ಸುಮಾರು 22 ಕಿಲೋಮೀಟರ್ ರಸ್ತೆಯ ನಡುವೆ ಬಸ್ಸಿಗೇ ಬೇರೆ ಲೇನು ಮಾಡಿದ್ದು ಒಳ್ಳೆಯದೇ. ಎರಡು ಊರುಗಳ ನಡುವಿನ ಓಟ ಜೋರಾಯಿತು. ಆದರೆ ನಿಲ್ದಾಣ ಇರುವುದು ರಸ್ತೆಯ ನಡುಮಧ್ಯೆ. ಅಲ್ಲಿಗೆ ಮುಟ್ಟಲು ಮತ್ತೆ ಅದೇ ಅಗಲ ರಸ್ತೆ ದಾಟಬೇಕು. ಬೆಳಗಾವಿಯ ಸುವರ್ಣ ವಿಧಾನಸೌಧವನ್ನೂ ನೆನಪಿಸುತ್ತೇನೆ. 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಆ ಭವ್ಯ ಕಟ್ಟಡ ಊರ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿ. ಅಧಿವೇಶನದ ಹೊತ್ತಿಗೆ ಮನವಿ ಹಿಡಿದು ಬರುವ ರೈತ ಅಲ್ಲಿಗೆ ನಡೆದು ಹೋಗಲಾರ, ಹೋದರೂ ಪಕ್ಕದಲ್ಲಿ ಒಂದು ಖಾನಾವಳಿ ಸಿಗದು. ಅದು ಊರಿನೊಳಗೆ ಬಂದಿದ್ದರೆ ವರ್ಷಪೂರ್ತಿ ನಾಲ್ಕು ಅಂಗಡಿಯಾದರೂ ಬದುಕುತ್ತಿದ್ದವು.

ಹಾಗಾಗಿ ನನ್ನ ಬೇಡಿಕೆ ಹೆಸರು ಹಿಡಿದೇ ಇದೆ. ಮೂಡಲಗಿ ಹೊಸ ತಾಲೂಕು. ಅದರ ಕಚೇರಿಗಳನ್ನು ಕಟ್ಟುವಾಗ ‘ಗಾಯರಾಣ ಜಾಗ ಪುಕ್ಕಟೆ ಸಿಗುತ್ತದೆ’ ಎಂದು ಊರಿಂದ ಆಚೆ ಒಯ್ಯಬೇಡಿ. ಜಾಗದಲ್ಲಿ ಉಳಿಸಿದ ರೊಕ್ಕವನ್ನು ಉತಾರೆ ತೆಗೆಸಲು ಬರುವ ರೈತ ಟಂಟಂ ಬಾಡಿಗೆಯಾಗಿ ಕಂತಿನಲ್ಲಿ ಕಟ್ಟುತ್ತಾನೆ. ಬಾಗಲಕೋಟೆಯಲ್ಲಿ ಆಲಮಟ್ಟಿಯ ನೀರನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮೂರನೆಯ ಹಂತ ಬಂದರೆ ಇನ್ನಷ್ಟು ಜನ ಏಳಬೇಕಾಗುತ್ತದೆ. ಅವರಿಗೆ ಸೈಟಿನ ಚೀಟಿ ಎತ್ತುವ ಮೊದಲು ಬಸ್ಸಿನ ವೇಳಾಪಟ್ಟಿ ಮತ್ತು ಸಂತೆಯ ಜಾಗ ಗೋಡೆಗೆ ಅಂಟಿಸಿರಲಿ. ಹಳೆ ಊರಿನ ಮಗ್ಗುಲ ಮನೆಯವರು ಹೊಸದರಲ್ಲೂ ಮಗ್ಗುಲಲ್ಲೇ ಇರಬೇಕೆಂದು ಬಯಸಿದರೆ ಚೀಟಿಯನ್ನು ಗುಂಪಿಗೆ ಎತ್ತಿ, ಮನೆಗಲ್ಲ. ಬೇರೆಯಾಗಬೇಕೆಂದವರಿಗೆ ಬೇರೆ ಚೀಟಿ ಇರಲಿ. ಓಣಿಯಿಂದ ಬಿಡುಗಡೆ ಬೇಕಾದವರೂ ಇದ್ದಾರೆಂದು ಆ ಒಂದು ಪತ್ರ ಕಲಿಸಿದೆ.

ಇನ್ನು ಹೆದ್ದಾರಿ ಮಗ್ಗುಲಿನ ಪ್ಲಾಟಿನ ಗೆಳೆಯರಿಗೆ. ನಿಮ್ಮ ಬೋರ್ಡಿನಲ್ಲಿ ‘ಹೆದ್ದಾರಿಯಿಂದ ಎರಡೇ ನಿಮಿಷ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸುತ್ತೀರಿ. ಎರಡು ನಿಮಿಷ ಯಾವ ಗಾಡಿಯಲ್ಲಿ ಎಂಬುದನ್ನೂ ಬರೆಸಿ. ಅದರ ಕೆಳಗೆ, ಅದೇ ದೊಡ್ಡ ಅಕ್ಷರದಲ್ಲಿ, ಹಾಲಿನ ಅಂಗಡಿಗೆ, ಸಾಲಿಗೆ, ದವಾಖಾನೆಗೆ, ಬಸ್ ನಿಲ್ಲುವ ಜಾಗಕ್ಕೆ ಎಪ್ಪತ್ತು ವರ್ಷದ ಹೆಣ್ಣುಮಗಳೊಬ್ಬಳು ನಡೆದು ಹೋಗಲು ಎಷ್ಟು ನಿಮಿಷ ಎಂದೂ ಬರೆಸಿ. ಆಮೇಲೆ ಗುಂಟೆಗೆ ಎಷ್ಟು ಹೇಳುತ್ತೀರೋ ಹೇಳಿ, ಕೊಳ್ಳುವವರು ಲೆಕ್ಕ ಹಾಕಿಕೊಳ್ಳುತ್ತಾರೆ.